ಒಂದು ಗುಟುಕು ಗಂಜಿಗಾಗಿ: ಅನ್ನನಾಳದ ಸ್ಟೆಂಟ್ ಕಥೆ

ಸ್ಟೆಂಟ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಹೃದಯ. "ಅವ್ರಿಗೆ ಎರಡು ಸ್ಟೆಂಟ್ ಹಾಕಿದಾರಂತೆ" ಅನ್ನೋ ಮಾತು ಈಗ ಮದುವೆ ಮನೆ ಊಟದ ಪಂಕ್ತಿಯಲ್ಲೂ ಕೇಳಿಸುತ್ತೆ. ಆದರೆ ಹೃದಯದ ರಕ್ತನಾಳಕ್ಕೆ ಮೊದಲ ಸ್ಟೆಂಟ್ ಬಿದ್ದಿದ್ದು 1986ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ, ಕ್ಯಾನ್ಸರ್‌ನಿಂದ ಮುಚ್ಚಿಹೋಗ್ತಿದ್ದ ಅನ್ನನಾಳಕ್ಕೆ ವೈದ್ಯರು ಕೊಳವೆ ಇಟ್ಟು ದಾರಿ ಮಾಡಿದ್ರು. ಅವತ್ತು ಅದಕ್ಕೆ ಸ್ಟೆಂಟ್ ಅನ್ನೋ ಹೆಸರಿರಲಿಲ್ಲ, ಅಷ್ಟೇ.

ಹೆಸರಿನ ಕಥೆಯೂ ಮಜವಾಗಿದೆ. ಚಾರ್ಲ್ಸ್ ಸ್ಟೆಂಟ್ ಲಂಡನ್ನಿನ ಒಬ್ಬ ದಂತವೈದ್ಯ. 1856ರಲ್ಲಿ ಹಲ್ಲಿನ ಅಚ್ಚು ತೆಗೆಯೋಕೆ ಒಂದು ಒಳ್ಳೆಯ ಮೇಣದಂಥ ವಸ್ತು ಮಾಡಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಎಸ್ಸರ್ ಅನ್ನೋ ಡಚ್ ಸರ್ಜನ್, ಕಸಿ ಮಾಡಿದ ಚರ್ಮವನ್ನ ಜಾಗದಲ್ಲಿ ಹಿಡಿದಿಡೋಕೆ ಅದನ್ನೇ ಬಳಸಿದ. ಆಮೇಲೆ ದೇಹದೊಳಗೆ ಆಸರೆಯಾಗಿ ನಿಲ್ಲೋದಕ್ಕೆಲ್ಲ ಅದೇ ಹೆಸರು ಅಂಟಿಕೊಂಡಿತು. ಪಾಪ, ಅನ್ನನಾಳಕ್ಕೂ ಆ ದಂತವೈದ್ಯನಿಗೂ ಸಂಬಂಧವೇ ಇಲ್ಲ :)

ಈಗ ಕಾಯಿಲೆಯ ವಿಷಯ. ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ, ಹಿಗ್ಗುವ ಕೊಳವೆ. ಹಿಗ್ಗುತ್ತೆ ಅನ್ನೋದೇ ಇಲ್ಲಿ ತೊಂದರೆ. ಒಳಗೆ ಗಡ್ಡೆ ಬೆಳೀತಿದ್ರೂ ಬಹಳ ದಿನ ಗೊತ್ತಾಗೋದೇ ಇಲ್ಲ. ಮೊದಲು ರೊಟ್ಟಿ ಸಿಕ್ಕಿಹಾಕಿಕೊಳ್ಳುತ್ತೆ, ಆಮೇಲೆ ಅನ್ನ, ಆಮೇಲೆ ಗಂಜಿ, ನೀರು.. ಕೊನೆಗೆ ಬಾಯಲ್ಲಿ ಊರಿದ ಎಂಜಲನ್ನೂ ನುಂಗೋಕಾಗಲ್ಲ. ವೈದ್ಯರು ಇದಕ್ಕೆ 0ಯಿಂದ 4ರವರೆಗೆ ಅಂಕ ಕೊಡ್ತಾರೆ. 0 ಅಂದ್ರೆ ಮಾಮೂಲಿ ಊಟ, 4 ಅಂದ್ರೆ ಏನೂ ಇಳಿಯಲ್ಲ. ಎಷ್ಟೋ ಜನ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಆಪರೇಷನ್ ಮಾಡೋ ಹಂತ ದಾಟಿರುತ್ತೆ. ಆಗ ಉಳಿಯೋ ಪ್ರಶ್ನೆ ಒಂದೇ: ಈ ಮನುಷ್ಯನಿಗೆ ಒಂದು ಗುಟುಕು ಗಂಜಿ ಇಳಿಯೋ ಹಾಗೆ ಮಾಡೋದು ಹೇಗೆ?

1885ರಲ್ಲಿ ಲಂಡನ್ನಿನ ಚಾರ್ಟರ್ಸ್ ಸೈಮಂಡ್ಸ್ ಇಂಥ ರೋಗಿಗಳಿಗೆ ಕೊಳವೆ ಕೂರಿಸಿದರು. ಅದು ಕೆಳಗೆ ಜಾರದ ಹಾಗೆ ರೇಷ್ಮೆ ದಾರ ಕಟ್ಟಿ, ದಾರದ ತುದಿಯನ್ನ ಹೊರಗೆ ತಂದಿಡುತ್ತಿದ್ದರು. 1924ರಲ್ಲಿ ಹೆನ್ರಿ ಸೌಟ್ಟರ್ ಜರ್ಮನ್ ಸಿಲ್ವರ್ ತಂತಿಯನ್ನ ಸ್ಪ್ರಿಂಗ್ ಥರ ಸುತ್ತಿ ಕೊಳವೆ ಮಾಡಿದರು. (ನಮ್ಮ ಪೂಜೆ ಸಾಮಾನಿನ ಅದೇ ಜರ್ಮನ್ ಸಿಲ್ವರ್. ಹೆಸರಲ್ಲಿ ಮಾತ್ರ ಬೆಳ್ಳಿ, ಒಳಗಿರೋದು ತಾಮ್ರ, ನಿಕ್ಕಲ್, ಸತು.) ಇದೇ ಸೌಟ್ಟರ್ 1925ರಲ್ಲಿ ಹೃದಯದೊಳಗೆ ಬೆರಳು ಹಾಕಿ ಕವಾಟವನ್ನ ಅಗಲ ಮಾಡಿದವರು! 1959ರಲ್ಲಿ ಸೆಲೆಸ್ಟಿನ್ ಪ್ಲಾಸ್ಟಿಕ್ ಕೊಳವೆ ತಂದರು. ಆದರೆ ಅದನ್ನ ಕೂರಿಸೋಕೆ ಹೊಟ್ಟೆ ಕೊಯ್ದು ಕೆಳಗಿನಿಂದ ಎಳೀಬೇಕಿತ್ತು. 70ರ ದಶಕದಲ್ಲಿ ಎಂಡೋಸ್ಕೋಪ್ ಬಂದು ಆ ಕೊಯ್ತ ತಪ್ಪಿತು.

ಇಷ್ಟಾದರೂ ಮೂಲ ಸಮಸ್ಯೆ ಹಾಗೇ ಇತ್ತು. ಗಟ್ಟಿ ಕೊಳವೆ ಒಳಗೆ ಹೋಗಬೇಕಾದರೆ ದಾರಿ ಅದಕ್ಕಿಂತ ಅಗಲ ಇರಬೇಕು. ಇಲ್ಲಿ ದಾರಿಯೇ ಇಲ್ಲ! ಬಲವಂತವಾಗಿ ಅಗಲ ಮಾಡೋಕೆ ಹೋದರೆ ಅನ್ನನಾಳವೇ ಹರಿದುಹೋಗೋ ಭಯ. ಉತ್ತರ ಸಿಕ್ಕಿದ್ದು ಸಣ್ಣಗೆ ಒಳಗೆ ಹೋಗಿ, ಅಲ್ಲಿ ಹಿಗ್ಗೋ ಲೋಹದಿಂದ. 1983ರಲ್ಲಿ ಜರ್ಮನಿಯ ಫ್ರಿಂಬರ್ಗರ್ ಹಿಗ್ಗುವ ಸುರುಳಿಯೊಂದನ್ನ ಬಳಸಿದರು. ಆಮೇಲೆ ಜಾಲರಿ ಸ್ಟೆಂಟ್‌ಗಳು ಬಂದವು. ಈಗಿನ ಹೆಚ್ಚಿನವು ನಿಟಿನಾಲ್ ಅನ್ನೋ ನಿಕ್ಕಲ್-ಟೈಟಾನಿಯಂ ಮಿಶ್ರಲೋಹದವು. ಅದು ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ. 1961ರಲ್ಲಿ ಅಲ್ಲಿನ ಒಂದು ಮೀಟಿಂಗ್‌ನಲ್ಲಿ ಮಡಿಸಿದ ನಿಟಿನಾಲ್ ಪಟ್ಟಿಗೆ ಒಬ್ಬರು ಸುಮ್ಮನೆ ಲೈಟರ್ ಹಿಡಿದರಂತೆ, ಅದು ತಾನೇ ಬಿಚ್ಚಿಕೊಂಡು ನೆಟ್ಟಗಾಯ್ತಂತೆ!

ನಮ್ಮ ಸಾಫ್ಟ್‌ವೇರ್‌ನವರಿಗೆ ಪರಿಚಯದ ಕಥೆ ಇಲ್ಲೂ ಇದೆ. ಒಂದು ಬಗ್ ಸರಿ ಮಾಡಿದರೆ ಇನ್ನೊಂದು ಹುಟ್ಟುತ್ತೆ. ಬರೀ ಜಾಲರಿ ಹಾಕಿದರೆ ಕಣ್ಣುಗಳ ನಡುವಿಂದ ಗಡ್ಡೆ ಒಳಗೆ ಬೆಳೆಯುತ್ತೆ. ಮೇಲೆ ಪೊರೆ ಹೊದಿಸಿದರೆ ಸ್ಟೆಂಟ್ ಜಾರುತ್ತೆ. ಹಾಗಾಗಿ ನಡುವೆ ಪೊರೆ, ತುದಿಗಳಲ್ಲಿ ಬರೀ ಜಾಲರಿ ಇರೋ ವಿನ್ಯಾಸವೂ ಬಂತು.

ನನ್ನನ್ನ ತುಂಬಾ ತಟ್ಟಿದ್ದು 1993ರ ಒಂದು ಅಧ್ಯಯನ. ಆಪರೇಷನ್ ಸಾಧ್ಯವಿಲ್ಲದ 42 ರೋಗಿಗಳಲ್ಲಿ ಪ್ಲಾಸ್ಟಿಕ್ ಕೊಳವೆಯನ್ನೂ ಲೋಹದ ಸ್ಟೆಂಟನ್ನೂ ಹೋಲಿಸಿದರು. ನುಂಗೋದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿತು. ಆದರೆ ಕೊಳವೆಯಿಂದ ತೊಂದರೆ ಆದವರು ಪ್ಲಾಸ್ಟಿಕ್ ಗುಂಪಿನಲ್ಲಿ 9 ಜನ, ಲೋಹದ ಗುಂಪಿನಲ್ಲಿ ಒಬ್ಬರೂ ಇಲ್ಲ. ಆಸ್ಪತ್ರೆಯಲ್ಲಿದ್ದ ದಿನಗಳು ಸರಾಸರಿ 12.5 ಮತ್ತು 5.4. ಅಂದರೆ ಒಂದು ವಾರದ ವ್ಯತ್ಯಾಸ. ನಮಗೆ ಒಂದು ವಾರ ಏನೂ ಅಲ್ಲ. ಉಳಿದಿರೋದೇ ಕೆಲವು ತಿಂಗಳು ಅಂತಿರೋರಿಗೆ?

ನಮ್ಮ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಅವರು ಮೊದಲು ಕೇಳಿದ್ದು ಮುದ್ದೆ. ಅಗಿಯದೆ ನುಂಗೋದೇ ಅಭ್ಯಾಸ ಇದ್ದ ಮನುಷ್ಯನಿಗೆ ಡಾಕ್ಟರು "ಏನೇ ತಿಂದರೂ ಸಣ್ಣ ತುತ್ತು, ಚೆನ್ನಾಗಿ ಅಗೀಬೇಕು" ಅಂದುಬಿಟ್ಟರು! ಮೆತ್ತಗಿನ ಅನ್ನ, ತಿಳಿಸಾರು, ಕಾಫಿಗೇ ಒಪ್ಪಿಕೊಂಡರು. ನಾಲ್ಕು ತಿಂಗಳು ನಮ್ಮ ಜೊತೆ ಪಂಕ್ತಿಯಲ್ಲೇ ಕೂತು ಉಂಡರು.

ಸ್ಟೆಂಟೇ ಕೊನೆಯ ಮಾತೂ ಅಲ್ಲ. 2004ರಲ್ಲಿ ಪ್ರಕಟವಾದ, ನೆದರ್‌ಲ್ಯಾಂಡ್ಸ್‌ನಲ್ಲಿ 209 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಅನ್ನನಾಳದ ಒಳಗಿನಿಂದಲೇ ಒಮ್ಮೆ ವಿಕಿರಣ ಕೊಟ್ಟಾಗ ಪರಿಹಾರ ನಿಧಾನವಾಗಿ ಸಿಕ್ಕರೂ ಹೆಚ್ಚು ಕಾಲ ಉಳಿಯಿತು. ಸ್ಟೆಂಟ್ ಬೇಗ ದಾರಿ ಬಿಡಿಸಿತು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ, ಸ್ಟೆಂಟ್ ಹಾಕಿದವರಿಗೆಲ್ಲ ಹೊರಗಿನಿಂದ ವಿಕಿರಣವನ್ನೂ ಸೇರಿಸಿದರೆ ನುಂಗುವ ತೊಂದರೆ ಮರುಕಳಿಸೋದೇನೂ ಕಡಿಮೆಯಾಗಲ್ಲ ಅಂತ ತೋರಿಸಿತು. ಅಷ್ಟು ಸಲ ಆಸ್ಪತ್ರೆಗೆ ಅಲೆಯೋದಾದರೂ ಉಳಿಯಿತಲ್ಲ.

ಸ್ಟೆಂಟ್ ಕ್ಯಾನ್ಸರ್ ವಾಸಿ ಮಾಡಲ್ಲ. ಅದನ್ನ ಹಾಕೋ ವೈದ್ಯರೂ ಹಾಗಂತ ಹೇಳಲ್ಲ. ರೇಷ್ಮೆ ದಾರದಿಂದ ನಿಟಿನಾಲ್‌ವರೆಗೆ ಇಷ್ಟೊಂದು ಜನ ತಲೆ ಕೆಡಿಸಿಕೊಂಡಿದ್ದು ಗೆಲ್ಲೋಕಲ್ಲ, ಸೋಲು ಗ್ಯಾರಂಟಿ ಇದ್ದ ಕಡೆಯೂ ಹಸಿದ ಮನುಷ್ಯನಿಗೆ ಬಾಯಿಂದಲೇ ಊಟ ಹೋಗಲಿ ಅಂತ. ವೈದ್ಯಕೀಯದ ದೊಡ್ಡ ಗೆಲುವುಗಳ ಪಟ್ಟಿಯಲ್ಲಿ ಇದು ಕಾಣಿಸಲ್ಲ. ನನಗಂತೂ ಇದೇ ದೊಡ್ಡದು ಅನ್ನಿಸುತ್ತೆ. ನೀವೇನಂತೀರಿ?