ಹಿಮಮಾರುತದ ಮುನ್ಸೂಚನೆಯೂ ಜನರ ನೆನಪೂ

ಪ್ರಕೃತಿವಿಕೋಪಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವಿಕೋಪವು ಸಂಭವಿಸಿದ ಗಳಿಗೆಯಿಂದ ತಮ್ಮ ನಿರೂಪಣೆಯನ್ನು ಆರಂಭಿಸುತ್ತಾರೆ. ಎಷ್ಟು ಹಿಮ ಬಿದ್ದಿತು, ಎಷ್ಟು ಜನ ಮಡಿದರು, ಎಷ್ಟು ನಷ್ಟವಾಯಿತು ಎಂಬ ಲೆಕ್ಕಗಳೇ ಅಲ್ಲಿ ಪ್ರಧಾನವಾಗುತ್ತವೆ. ಆದರೆ ಬಿರುಗಾಳಿ ಬರುವುದಕ್ಕೆ ಮುಂಚಿನ ಒಂದೆರಡು ದಿನಗಳಿಗೂ ಒಂದು ಇತಿಹಾಸವುಂಟು. ಆ ಅವಧಿಯಲ್ಲಿ ಜನರಿಗೆ ಏನು ತಿಳಿದಿದ್ದಿತು, ತಿಳಿದುದನ್ನು ಅವರು ಎಷ್ಟರಮಟ್ಟಿಗೆ ನಂಬಿದರು, ಯಾವ ಹಳೆಯ ಅನುಭವದೊಡನೆ ಅದನ್ನು ಹೋಲಿಸಿ ನೋಡಿದರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಮುಂದಿನ ಸಾವುನೋವುಗಳ ಕಾರಣ ಸ್ಪಷ್ಟವಾಗುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1888ರಿಂದ 2022ರವರೆಗೆ ಬೀಸಿದ ಕೆಲವು ಹಿಮಮಾರುತಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡಿರುವ ವಿದ್ಯಾರ್ಥಿಗಳಿಗಾಗಿ ಮೊದಲಿಗೆ ಒಂದು ವಿವರಣೆ ಅವಶ್ಯಕ. ಹಿಮಪಾತವೆಲ್ಲವೂ ಹಿಮಮಾರುತವಲ್ಲ. ಅಮೆರಿಕದ ಹವಾಮಾನ ಇಲಾಖೆಯವರ ಲಕ್ಷಣದಂತೆ, ಗಾಳಿಯು ಗಂಟೆಗೆ 35 ಮೈಲಿ ಅಥವಾ ಅದಕ್ಕೂ ಮಿಗಿಲಾದ ವೇಗದಿಂದ ಬೀಸುತ್ತಿರಬೇಕು. ಬೀಳುವ ಇಲ್ಲವೆ ನೆಲದಿಂದ ಎದ್ದು ಹಾರುವ ಹಿಮದಿಂದಾಗಿ ಕಾಲು ಮೈಲಿಯಾಚೆಗೆ ಏನೂ ಕಾಣದಂತಿರಬೇಕು. ಈ ಸ್ಥಿತಿ ಕನಿಷ್ಠ ಮೂರು ಗಂಟೆಗಳ ಕಾಲ ಮುಂದುವರಿಯಬೇಕು. ಬಿದ್ದ ಹಿಮದ ಆಳಕ್ಕೆ ಈ ಲಕ್ಷಣದಲ್ಲಿ ಸ್ಥಾನವೇ ಇಲ್ಲವೆಂಬುದು ಗಮನಾರ್ಹ. ಜನರನ್ನು ಕೊಲ್ಲುವುದು ಬಹುಮಟ್ಟಿಗೆ ಗಾಳಿ, ಚಳಿ ಮತ್ತು ದಿಕ್ಕು ತೋರದಿರುವಿಕೆ. ಮುಂದಿನ ವಿವೇಚನೆಗೆ ಈ ಅಂಶವೇ ಆಧಾರ.

ಅಮೆರಿಕದಲ್ಲಿ ಸರ್ಕಾರದ ಹವಾಮಾನ ಸೇವೆ ಆರಂಭವಾದುದು 1870ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ಗ್ರಾಂಟ್ ಅವರು ಸಹಿ ಮಾಡಿದ ನಿರ್ಣಯದಂತೆ ಈ ಕೆಲಸವು ಸೈನ್ಯದ ಸಿಗ್ನಲ್ ಸರ್ವಿಸ್ ವಿಭಾಗಕ್ಕೆ ವಹಿಸಲ್ಪಟ್ಟಿತು. ನವೆಂಬರ್ 1ರಂದು 24 ಠಾಣೆಗಳಿಂದ ಮೊದಲ ವರದಿಗಳು ತಂತಿಯ ಮೂಲಕ ಬಂದವು. ಬಿರುಗಾಳಿಗಿಂತ ತಂತಿಯ ವಾರ್ತೆ ವೇಗವಾಗಿ ಚಲಿಸುವುದರಿಂದ, ಪಶ್ಚಿಮದಲ್ಲಿ ಕಂಡ ಗಾಳಿಯ ಸುದ್ದಿಯನ್ನು ಪೂರ್ವದವರಿಗೆ ಮೊದಲೇ ತಿಳಿಸುವುದು ಸಾಧ್ಯವಾಯಿತು. ಚಳಿಯ ಅಲೆ ಬರುವ ಸೂಚನೆಯಿದ್ದಾಗ ನಡುವೆ ಕಪ್ಪು ಚೌಕವಿರುವ ಬಿಳಿಯ ಬಾವುಟವನ್ನು ಊರುಗಳಲ್ಲಿ ಹಾರಿಸುತ್ತಿದ್ದರು.

ಈ ವ್ಯವಸ್ಥೆಯ ಇತಿಮಿತಿಗಳು 1888ರ ಜನವರಿ 12ರಂದು ಘೋರವಾಗಿ ಬಯಲಾದವು. ಡಕೋಟ, ನೆಬ್ರಾಸ್ಕ ಮತ್ತು ಮಿನ್ನೆಸೋಟದ ಬಯಲುಸೀಮೆಗಳಲ್ಲಿ ಹಿಂದಿನ ದಿನಗಳ ಕೊರೆಯುವ ಚಳಿ ತಗ್ಗಿ, ಅಂದು ಬೆಳಿಗ್ಗೆ ಹವೆ ಹಿತಕರವಾಗಿದ್ದಿತು. ರೈತರು ದನಗಳನ್ನು ಹೊರಗೆ ಬಿಟ್ಟರು. ಮಕ್ಕಳು ತೆಳುವಾದ ಉಡುಪಿನಲ್ಲಿಯೇ ಶಾಲೆಗೆ ಹೋದರು. ನೆಬ್ರಾಸ್ಕದ ಅನೇಕ ಕಡೆ ಶಾಲೆ ಬಿಡುವ ವೇಳೆಗೆ ಸರಿಯಾಗಿ ಬಿರುಗಾಳಿ ಬಂದೆರಗಿತು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 235 ಎಂದು ಎಣಿಸುತ್ತಾರೆ. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಬಹುಮಂದಿ ಇದ್ದುದರಿಂದ ಇತಿಹಾಸದಲ್ಲಿ ಇದಕ್ಕೆ ಮಕ್ಕಳ ಹಿಮಮಾರುತವೆಂಬ ಹೆಸರು ನಿಂತಿತು. ಸೇಂಟ್ ಪಾಲ್ ನಗರದಲ್ಲಿದ್ದ ಮುನ್ಸೂಚನೆಯ ಅಧಿಕಾರಿ ಚಳಿಯ ಅಲೆ ಬರಲಿದೆಯೆಂಬ ಸೂಚನೆಯನ್ನು ಹೊರಡಿಸಿಯೇ ಇದ್ದನು. ಆದರೆ ತಂತಿ ಕಚೇರಿಯಿಂದ ಹತ್ತಾರು ಮೈಲಿ ದೂರದ ಹೊಲಮನೆಯವರಿಗೆ ಬಾವುಟ ಕಾಣುವಂತಿರಲಿಲ್ಲ. ಮೇಲಾಗಿ ಅವರಲ್ಲಿ ಅನೇಕರು ಆ ನಾಡಿಗೆ ಹೊಸದಾಗಿ ಬಂದು ನೆಲೆಸಿದ ವಲಸೆಗಾರರು. ಇಂತಹ ಗಾಳಿಯ ನೆನಪು ಅವರಿಗೆ ಇದ್ದಿರಲಾರದು. ಸೂಚನೆಯೂ ತಲಪದೆ, ನೆನಪೂ ಇಲ್ಲದೆ, ಆ ಬೆಳಗಿನ ಹಿತವಾದ ಹವೆಯನ್ನೇ ಅವರು ನಂಬಿದರು.

ಎರಡು ತಿಂಗಳ ತರುವಾಯ, ಅದೇ ವರ್ಷದ ಮಾರ್ಚ್ 11ರಿಂದ 14ರವರೆಗೆ, ಪೂರ್ವತೀರದ ನಗರಗಳ ಸರದಿ ಬಂದಿತು. ನ್ಯೂಯಾರ್ಕಿನಲ್ಲಿ ಭಾನುವಾರ ಮಳೆಯಾಗಿದ್ದುದು ರಾತ್ರಿ ಕಳೆಯುವುದರೊಳಗಾಗಿ ಹಿಮವಾಗಿ ಮಾರ್ಪಟ್ಟಿತು. ಮುನ್ಸೂಚನೆಯಲ್ಲಿ ಇದರ ಸುಳಿವಿರಲಿಲ್ಲ. ಸೋಮವಾರ ಬೆಳಿಗ್ಗೆ ಜನರು ಎಂದಿನಂತೆ ಕೆಲಸಕ್ಕೆ ಹೊರಟರು. ಮೇಲ್ಸೇತುವೆಯ ರೈಲುಗಳಲ್ಲಿ ಸಾವಿರಾರು ಮಂದಿ ನಡುದಾರಿಯಲ್ಲಿ ಸಿಕ್ಕಿಬಿದ್ದರು. ತಂತಿಕಂಬಗಳು ಉರುಳಿ ನಗರವು ಹೊರಜಗತ್ತಿನ ಸಂಪರ್ಕವನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಮಾಜಿ ಸೆನೆಟರ್ ರಾಸ್ಕೋ ಕಾಂಕ್ಲಿಂಗ್ ತಮ್ಮ ಕಚೇರಿಯಿಂದ ಕಾಲ್ನಡಿಗೆಯಲ್ಲಿ ಹೊರಟು ಹಿಮದಲ್ಲಿ ಕುಸಿದುಬಿದ್ದರು. ಅದರ ಪರಿಣಾಮವಾಗಿ ಏಪ್ರಿಲ್ 18ರಂದು ತೀರಿಕೊಂಡರು. ಒಟ್ಟು 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 200 ಮಂದಿ ನ್ಯೂಯಾರ್ಕಿನವರು. ತಂತಿಗಳನ್ನು ನೆಲದಡಿಯಲ್ಲಿ ಹೂಳಬೇಕೆಂಬ ಒತ್ತಾಯಕ್ಕೂ, 1904ರಲ್ಲಿ ಸಂಚಾರವಾರಂಭಿಸಿದ ಸುರಂಗ ರೈಲುಮಾರ್ಗದ ಪರವಾದ ವಾದಕ್ಕೂ ಈ ಅನುಭವವು ಬಲವನ್ನು ಕೊಟ್ಟಿತು.

ಈ ಎರಡು ದುರಂತಗಳ ನೆನಪು ಉಳಿದ ಬಗೆಯೂ ಅಭ್ಯಾಸಯೋಗ್ಯವಾಗಿದೆ. ನ್ಯೂಯಾರ್ಕಿನಲ್ಲಿ ಬದುಕುಳಿದವರು ಸಂಘವೊಂದನ್ನು ಕಟ್ಟಿಕೊಂಡು, ಸೇರಿದಾಗಲೆಲ್ಲ ತಮ್ಮ ಅನುಭವಗಳನ್ನು ಹೇಳಿಕೊಳ್ಳುತ್ತಿದ್ದರು. ನೆಬ್ರಾಸ್ಕದಲ್ಲಿಯೂ ಅಂತಹುದೇ ಸಂಘವೊಂದು ವೃದ್ಧರ ಹೇಳಿಕೆಗಳನ್ನು ಸಂಗ್ರಹಿಸಿತು. ಅದು 1947ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಅದೇ 1947ರ ಡಿಸೆಂಬರ್ 26ರಂದು ನ್ಯೂಯಾರ್ಕಿನಲ್ಲಿ ಸುಮಾರು 26 ಅಂಗುಲ ಹಿಮ ಬಿದ್ದಿತು. 1888ರಲ್ಲಿ ಅಲ್ಲಿ ಬಿದ್ದಿದ್ದುದು 21 ಅಂಗುಲ ಮಾತ್ರ. ಮಾಪನದ ಲೆಕ್ಕದಲ್ಲಿ ಹಳೆಯದು ಸೋತರೂ ಮಹಾಹಿಮಮಾರುತವೆಂಬ ಕೀರ್ತಿ 1888ಕ್ಕೇ ಉಳಿಯಿತು. ಮಾಪನವು ಹಿಮದ ಆಳವನ್ನು ಅಳೆಯಿತು. ಜನರ ನೆನಪು ಗಾಳಿಯನ್ನೂ ಅಸಹಾಯಕತೆಯನ್ನೂ ಅಳೆಯಿತು. ನೆನಪು ಮಾಪನಕ್ಕಿಂತ ಕೀಳಾದ ಸಾಕ್ಷ್ಯವೆಂದು ತಳ್ಳಿಹಾಕುವುದು ಸಾಧುವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

1955ರಿಂದ ಅಮೆರಿಕದಲ್ಲಿ ಗಣಕಯಂತ್ರಗಳ ನೆರವಿನಿಂದ ದೈನಂದಿನ ಮುನ್ಸೂಚನೆ ಸಿದ್ಧವಾಗತೊಡಗಿತು. 1978ರ ಫೆಬ್ರವರಿ 6ರಂದು ಮಸಾಚುಸೆಟ್ಸ್ ಪ್ರಾಂತ್ಯಕ್ಕೆ ಭಾರಿ ಹಿಮಪಾತವಾಗುವುದೆಂದು ಹವಾಮಾನ ಇಲಾಖೆಯವರು ಮೊದಲೇ ತಿಳಿಸಿದ್ದರು. ಆದರೆ ಸೋಮವಾರ ಬೆಳಿಗ್ಗೆ ನಿರೀಕ್ಷಿತ ವೇಳೆಗೆ ಹಿಮ ಬೀಳಲಿಲ್ಲ. ಮುನ್ಸೂಚನೆ ಹುಸಿಯಾಯಿತೆಂದು ಭಾವಿಸಿ ಜನರು ಕೆಲಸಕ್ಕೆ ಹೋದರು. ಹಿಮ ಆರಂಭವಾದ ಮೇಲೆ ಎಲ್ಲರೂ ಒಮ್ಮೆಗೇ ಮನೆಗೆ ಹೊರಟುದರಿಂದ ಬಾಸ್ಟನ್ ಸುತ್ತಲಿನ 128ನೆಯ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮೋಟಾರುಗಳು ಹೂತುಹೋದವು. ಹೊಗೆಕೊಳವೆಗಳು ಮುಚ್ಚಿಹೋಗಿ ವಾಹನದೊಳಗೆ ತುಂಬಿದ ವಿಷಾನಿಲದಿಂದ ಕೆಲವರು ಕುಳಿತಲ್ಲಿಯೇ ಸತ್ತರು. ಬಾಸ್ಟನ್ ನಗರದಲ್ಲಿ 27.1 ಅಂಗುಲ ಹಿಮ ದಾಖಲಾಯಿತು. ಒಟ್ಟಿನಲ್ಲಿ ಸುಮಾರು ನೂರು ಮಂದಿ ಮೃತರಾದರು. ಇಲ್ಲಿ ಸೂಚನೆ ಸರಿಯಾಗಿತ್ತು, ಜನರಿಗೂ ತಲಪಿತ್ತು. ಕೆಲವು ಗಂಟೆಗಳ ವಿಳಂಬದಿಂದಾಗಿ ಅದರ ಮೇಲಿನ ವಿಶ್ವಾಸ ಮಾತ್ರ ಕುಸಿದಿತ್ತು.

ಇದಕ್ಕೆ ಪ್ರತಿಯಾದ ಉದಾಹರಣೆ 1993ರ ಮಾರ್ಚ್ 12ರಿಂದ 14ರವರೆಗಿನದು. ಶತಮಾನದ ಬಿರುಗಾಳಿಯೆಂದು ಹೆಸರಾದ ಅದರ ಬರುವಿಕೆಯನ್ನು ಐದು ದಿನಗಳಷ್ಟು ಮುಂಚಿತವಾಗಿಯೇ ಗುರುತಿಸಲಾಗಿದ್ದಿತು. ಹಿಮ ಬೀಳುವುದಕ್ಕೆ ಮೊದಲೇ ಹಲವು ರಾಜ್ಯಗಳ ಗವರ್ನರುಗಳು ತುರ್ತುಪರಿಸ್ಥಿತಿಯನ್ನು ಘೋಷಿಸಿದರು. ಆದಾಗ್ಯೂ ಸುಮಾರು 270 ಮಂದಿ ಸತ್ತರು. ಫ್ಲಾರಿಡ ತೀರದಲ್ಲಿ ಸಮುದ್ರವು ಉಕ್ಕಿ ಬಂದುದು ಅಲ್ಲಿನವರಿಗೆ ಅನಿರೀಕ್ಷಿತವಾಗಿತ್ತು. ಚಳಿಗಾಲದ ಬಿರುಗಾಳಿಯೆಂದರೆ ಉತ್ತರದವರ ಕಷ್ಟವೆಂಬುದು ಅವರ ಅನುಭವವಾಗಿದ್ದಿರಬೇಕು.

ಮುನ್ಸೂಚನೆಯನ್ನು ನಂಬಿ ನಡೆದವರಿಗೂ ಒಮ್ಮೊಮ್ಮೆ ನಷ್ಟವುಂಟು. 2015ರ ಜನವರಿ 26ರ ರಾತ್ರಿ ನ್ಯೂಯಾರ್ಕಿನ ಸುರಂಗ ರೈಲನ್ನು ಹಿಮದ ಕಾರಣದಿಂದ ಮೊಟ್ಟಮೊದಲ ಬಾರಿಗೆ ನಿಲ್ಲಿಸಲಾಯಿತು. ಎರಡು ಅಡಿಗೂ ಮಿಕ್ಕಿ ನಿರೀಕ್ಷಿಸಿದ್ದ ಕಡೆ ಹತ್ತು ಅಂಗುಲವೂ ಬೀಳಲಿಲ್ಲ. ಮುನ್ಸೂಚಕರೊಬ್ಬರು ಸಾರ್ವಜನಿಕವಾಗಿ ಕ್ಷಮೆ ಯಾಚಿಸಿದರು. ಇಂತಹ ಪ್ರಸಂಗಗಳ ನೆನಪು ಮುಂದೆ ಆಜ್ಞೆ ಹೊರಡಿಸಬೇಕಾದವರ ಕೈಯನ್ನು ಹಿಂದಕ್ಕೆ ಎಳೆಯುವುದು ಅಸಂಭವವಲ್ಲ.

ಕೊನೆಯದಾಗಿ ಬಫಲೋ ನಗರದ ವೃತ್ತಾಂತ. ಈರಿ ಸರೋವರದ ತುದಿಯಲ್ಲಿರುವ ಈ ನಗರದವರಿಗೆ ಹಿಮವು ಪ್ರತಿವರ್ಷದ ನಂಟ. 1977ರ ಜನವರಿ 28ರಂದು ಅಲ್ಲಿ ಆರಂಭವಾದ ಹಿಮಮಾರುತದಲ್ಲಿ ಹೊಸದಾಗಿ ಬಿದ್ದುದು ಸುಮಾರು ಒಂದು ಅಡಿ ಮಾತ್ರ. ಹೆಪ್ಪುಗಟ್ಟಿದ ಸರೋವರದ ಮೇಲೆ ಮೊದಲೇ ಶೇಖರವಾಗಿದ್ದ ಹಿಮವನ್ನು ಗಾಳಿ ಊರೊಳಗೆ ತಂದು ಸುರಿಯಿತು. 29 ಮಂದಿ ಸತ್ತರು. 2022ರ ನವೆಂಬರಿನಲ್ಲಿ ನಗರದ ದಕ್ಷಿಣದ ಊರುಗಳಲ್ಲಿ 80 ಅಂಗುಲದಷ್ಟು ಹಿಮ ಬಿದ್ದರೂ ಸಾವುಗಳು ಅತ್ಯಲ್ಪವಾಗಿದ್ದವು. ಮರುತಿಂಗಳೇ ಹಿಮಮಾರುತದ ಎಚ್ಚರಿಕೆ ಹೊರಟಿತು. ದಿನಗಳ ಮುಂಚಿತವಾಗಿ ಹೊರಟ ಆ ಎಚ್ಚರಿಕೆಯಲ್ಲಿ ಲೋಪವಿರಲಿಲ್ಲ. ಆದರೆ ವಾಹನಸಂಚಾರದ ನಿಷೇಧ ಜಾರಿಗೆ ಬಂದುದು ಡಿಸೆಂಬರ್ 23ರ ಬೆಳಿಗ್ಗೆ 9.30ಕ್ಕೆ; ಆ ವೇಳೆಗೆ ಅನೇಕರು ಮನೆಯಿಂದ ಹೊರಟಾಗಿತ್ತು. ಹಿಮಮಾರುತದ ಸ್ಥಿತಿ 37 ಗಂಟೆಗಳ ಕಾಲ ಮುಂದುವರಿಯಿತು. ರಕ್ಷಣಾದಳದವರೂ ಹೊರಗೆ ಬರಲಾರದೆ ಹೋದರು. 47 ಮಂದಿ ಸತ್ತರು. ಅವರಲ್ಲಿ ಕಪ್ಪುಜನರ ಪ್ರಮಾಣವು ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಬಹಳ ಹೆಚ್ಚಾಗಿತ್ತು. ನವೆಂಬರಿನ ಆಳವಾದ ಹಿಮವನ್ನು ನಿಭಾಯಿಸಿದ ಹೊಸ ನೆನಪು, 1977ರ ಗಾಳಿಯ ಹಳೆಯ ನೆನಪನ್ನು ಮರೆಮಾಡಿರಬಹುದೆಂದು ಊಹಿಸುವುದಕ್ಕೆ ಅವಕಾಶವಿದೆ.

ಮೇಲಿನ ಪ್ರಸಂಗಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಸೂಚನೆಯೇ ತಲಪದ ಕಾಲದಿಂದ ಐದು ದಿನ ಮುಂಚೆ ತಿಳಿಯುವ ಕಾಲದವರೆಗೆ ವಿಜ್ಞಾನವು ಮುಂದುವರಿದಿರುವುದು ನಿಸ್ಸಂದೇಹ. ಆದರೆ ಮುನ್ಸೂಚನೆಯು ಆಕಾಶದ ವಿಷಯವನ್ನು ಹೇಳುತ್ತದೆ. ಅದು ನೆಲದ ಮೇಲೆ ಏನಾಗಿ ಪರಿಣಮಿಸುವುದೆಂಬುದನ್ನು ಜನರು ತಮ್ಮ ನೆನಪಿನಿಂದಲೇ ಊಹಿಸಿಕೊಳ್ಳುತ್ತಾರೆ. ಆ ನೆನಪು ತಪ್ಪಾದ ವರ್ಷದ್ದಾಗಿದ್ದರೆ ಸರಿಯಾದ ಮುನ್ಸೂಚನೆಯೂ ನಿಷ್ಫಲವಾಗುತ್ತದೆ. ಬರಲಿರುವ ಬಿರುಗಾಳಿಯು ಹಿಂದಿನ ಯಾವ ಬಿರುಗಾಳಿಯನ್ನು ಹೋಲುವುದೆಂದು ಹೇಳುವುದು ಹವಾಮಾನಶಾಸ್ತ್ರದಷ್ಟೇ ಇತಿಹಾಸದ ಕೆಲಸವೂ ಹೌದು. ಸಂಚಾರ ನಿಲ್ಲಿಸುವ ಆಜ್ಞೆಯನ್ನು ಬರೆಯುವ ಅಧಿಕಾರಿಯ ಮೇಜಿನ ಮೇಲೆ ಹವೆಯ ನಕ್ಷೆಯ ಜೊತೆಗೆ ಆ ಊರಿನ ಹಳೆಯ ವೃತ್ತಾಂತವೂ ಇರತಕ್ಕದ್ದು.