ಅರಸನಿಗೆ ಹೆಸರು, ಪ್ರಜೆಗೆ ಜಾತಿ

ಜೇಮ್ಸ್ ವಾಟರ್‌ಹೌಸ್ ಎಂಬ ಸೇನಾಧಿಕಾರಿ 1862ರಲ್ಲಿ ಕ್ಯಾಮೆರಾ ಸಮೇತ ಭೋಪಾಲಕ್ಕೆ ಬಂದ. ಮಧ್ಯ ಭಾರತದ ಜಾತಿ, ಬುಡಕಟ್ಟುಗಳ ಮಾದರಿ ಚಿತ್ರಗಳನ್ನು ತೆಗೆದು ಸರ್ಕಾರಕ್ಕೆ ಒಪ್ಪಿಸಬೇಕಾದ ಕೆಲಸ ಅವನದು. ಆಗ ಭೋಪಾಲವನ್ನು ಆಳುತ್ತಿದ್ದವಳು ಸಿಕಂದರ್ ಬೇಗಂ. ಆಕೆ ಮತ್ತು ಮಗಳು ಷಾಜಹಾನ್ ಬೇಗಂ ಬಗೆಬಗೆಯ ಉಡುಪು ತೊಟ್ಟು ಅವನ ಕ್ಯಾಮೆರಾದ ಮುಂದೆ ಕುಳಿತರು. ಮಾದರಿ ಹುಡುಕಿಕೊಂಡು ಬಂದವನಿಗೆ, ತಾವು ಹೇಗೆ ಕಾಣಬೇಕೆಂದು ಬಲ್ಲ ಇಬ್ಬರು ಹೆಂಗಸರು ಎದುರಾಗಿದ್ದರು. ಆದರೆ ಅವನು ಚಿತ್ರ ತೆಗೆದ ಎಲ್ಲರಿಗೂ ಬೇಗಮರ ಅಧಿಕಾರ ಇರಲಿಲ್ಲ. ಭಾರತದ ಭಾವಚಿತ್ರ ಛಾಯಾಗ್ರಹಣದ ಮೊದಲ ನೂರು ವರ್ಷಗಳನ್ನು ಈ ವ್ಯತ್ಯಾಸವನ್ನು ಗಮನಿಸದೆ ಅರ್ಥಮಾಡಿಕೊಳ್ಳಲಾಗದು.

1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಡಾಗೆರೋಟೈಪ್ ವಿಧಾನದ ಕ್ಯಾಮೆರಾಗಳು ಮರುವರ್ಷವೇ ಕಲ್ಕತ್ತೆಯಲ್ಲಿ ಮಾರಾಟಕ್ಕೆ ಬಂದವು. 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಕಲ್ಕತ್ತೆ ಮತ್ತು ಮದರಾಸುಗಳಲ್ಲಿ ಛಾಯಾಗ್ರಹಣ ಸಂಘಗಳು ಹುಟ್ಟಿದವು. ಇದನ್ನೆಲ್ಲ ಬಿಳಿಯರ ಹವ್ಯಾಸವೆಂದು ತಿಳಿಯುವುದು ತಪ್ಪು. ಮುಂಬಯಿಯ ನಾರಾಯಣ ದಾಜಿ, ಲಖನೌದ ಅಹ್ಮದ್ ಅಲಿ ಖಾನ್ 1857ರ ದಂಗೆಗೆ ಮುಂಚೆಯೇ ಈ ವಿದ್ಯೆಯಲ್ಲಿ ಪಳಗಿದ್ದವರು.

ಕೆಲಸವೇನೂ ಸುಲಭದ್ದಲ್ಲ. ಡಾಗೆರೋಟೈಪಿನ ನಂತರ ರೂಢಿಗೆ ಬಂದ ವಿಧಾನದಲ್ಲಿ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಕತ್ತಲಲ್ಲಿ ಸಂಸ್ಕರಿಸಬೇಕು. ನಮ್ಮ ಬೇಸಿಗೆಯಲ್ಲಿ ಫಲಕ ಬೇಗ ಒಣಗುತ್ತಿತ್ತು. ಕುಳಿತವರು ಅಲುಗಬಾರದೆಂದು ತಲೆಯ ಹಿಂದೆ ಕಬ್ಬಿಣದ ಆನಿಕೆ ಇಡುತ್ತಿದ್ದುದೂ ಉಂಟು. ಆ ಕಾಲದ ಮುಖಗಳಲ್ಲಿ ನಗು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ. ಕೆಂಪು ಬಣ್ಣಕ್ಕೆ ಈ ಫಲಕ ಕುರುಡು, ಹಾಗಾಗಿ ಕೆಂಪು ಪೇಟವೂ ಹಣೆಯ ಕುಂಕುಮವೂ ಚಿತ್ರದಲ್ಲಿ ಕಪ್ಪಗೆ ಕಾಣುತ್ತಿದ್ದವು.

ದಂಗೆ ಅಡಗಿದ ಮೇಲೆ, ತಾವು ಆಳುವ ಜನ ಯಾರು ಎಂಬ ಪ್ರಶ್ನೆ ಬ್ರಿಟಿಷರನ್ನು ಕಾಡತೊಡಗಿತು. ಗವರ್ನರ್ ಜನರಲ್ ಕ್ಯಾನಿಂಗ್ ದಂಪತಿಯ ಸ್ವಂತ ಆಸಕ್ತಿಯಿಂದ ಶುರುವಾದ ಚಿತ್ರಸಂಗ್ರಹ ಕ್ರಮೇಣ ಸರ್ಕಾರಿ ಯೋಜನೆಯಾಯಿತು. ಜಾನ್ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ‘ದಿ ಪೀಪಲ್ ಆಫ್ ಇಂಡಿಯಾ’ 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಹೊರಬಂತು. ಅದರಲ್ಲಿರುವ ಚಿತ್ರಗಳು 460ಕ್ಕೂ ಹೆಚ್ಚು. ಹೆಚ್ಚಿನವುಗಳ ಅಡಿಯಲ್ಲಿ ವ್ಯಕ್ತಿಯ ಹೆಸರಿಲ್ಲ. ಜಾತಿ, ಕಸುಬು, ಊರು ಇಷ್ಟೇ. ಜೊತೆಗಿನ ಬರಹ ಇಂಥ ಜಾತಿ ನಂಬಿಕಸ್ಥ, ಇಂಥದ್ದು ಕಳ್ಳತನಕ್ಕೆ ಹೆಸರಾದದ್ದು ಎಂದು ತೀರ್ಪು ಕೊಡುತ್ತಾ ಹೋಗುತ್ತದೆ. ಚಿತ್ರಗಳಲ್ಲಿ ಎಷ್ಟೋ ಘನತೆಯಿಂದ ನಿಂತ ಜನರ ಮೇಲೆ ಆ ಮಾತುಗಳು ಮಾಡಿದ ಅನ್ಯಾಯ ದೊಡ್ಡದು.

ಅದರ ನೋವು ಕೂಡಲೇ ತಟ್ಟಿತ್ತು. 1869ರಲ್ಲಿ ಲಂಡನ್ನಿಗೆ ಹೋಗಿದ್ದ ಮುಸ್ಲಿಂ ಸುಧಾರಕ ಸೈಯದ್ ಅಹ್ಮದ್ ಖಾನ್ ಈ ಪುಸ್ತಕವನ್ನು ಬ್ರಿಟಿಷ್ ಸರ್ಕಾರದ ಇಂಡಿಯಾ ಆಫೀಸಿನಲ್ಲಿ ನೋಡಿದರು. ಅವರ ಮಗ ಪುಟ ತಿರುವುತ್ತಿದ್ದಾಗ ಇಂಗ್ಲಿಷ್ ತರುಣನೊಬ್ಬ, ನೀವು ಹಿಂದೂಸ್ತಾನದವರೇ ಎಂದು ಕೇಳಿದ. ಹುಡುಗನ ಮುಖ ಕೆಂಪೇರಿತು. ಹೌದೆಂದವನೇ, ತಮ್ಮ ಹಿರಿಯರು ಬೇರೆ ದೇಶದಿಂದ ಬಂದವರೆಂದು ಅವಸರವಾಗಿ ಸೇರಿಸಿದ. ತನ್ನ ದೇಶದವರ ಚಿತ್ರ ನೋಡಿ ಒಬ್ಬ ತರುಣ ಹೀಗೆ ನಾಚಬೇಕಾಯಿತು.

ಮುಂದೆ ಈ ದಾರಿ ಇನ್ನೂ ಕಠೋರವಾಯಿತು. 1890ರ ದಶಕದಲ್ಲಿ ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಮಾರಿಸ್ ವಿಡಾಲ್ ಪೋರ್ಟ್‌ಮನ್ ಅಲ್ಲಿನ ಮೂಲನಿವಾಸಿಗಳನ್ನು ಚೌಕುಳಿ ಪರದೆಯ ಮುಂದೆ ಬೆತ್ತಲೆ ನಿಲ್ಲಿಸಿ ಅಳತೆಗೆಂದು ಚಿತ್ರ ತೆಗೆದ. ಮದರಾಸಿನಲ್ಲಿ ಎಡ್ಗರ್ ಥರ್ಸ್ಟನ್ ತಲೆ, ಮೂಗುಗಳನ್ನು ಅಳೆದು, ದಕ್ಷಿಣ ಭಾರತದ ಜಾತಿಗಳ ಬಗ್ಗೆ 1909ರಲ್ಲಿ 7 ಸಂಪುಟ ಹೊರತಂದ. ಮೈಸೂರು ಸಂಸ್ಥಾನವೂ ಇದರಿಂದ ಹೊರಗುಳಿಯಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದ ಎಚ್.ವಿ. ನಂಜುಂಡಯ್ಯ ಆರಂಭಿಸಿದ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಪೂರ್ತಿಗೊಳಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಗ್ರಂಥ 1928ರಿಂದ 1935ರ ನಡುವೆ 4 ಸಂಪುಟಗಳಾಗಿ ಅಚ್ಚಾಯಿತು. ಇಲ್ಲಿ ಬರೆದವರು ಈ ನೆಲಕ್ಕೆ ಹತ್ತಿರದವರು, ಜನರ ಆಚಾರ ವಿಚಾರಗಳ ಮೇಲೆ ಅವರಿಗಿದ್ದ ಕುತೂಹಲವೂ ನಿಜವಾದದ್ದೇ. ಜನರನ್ನು ಜಾತಿವಾರು ಜೋಡಿಸುವ ಕ್ರಮ ಮಾತ್ರ ಹಳೆಯದೇ ಉಳಿಯಿತು.

ಅರಮನೆಗಳ ಕಥೆ ಬೇರೆ. ಜಯಪುರದ ಎರಡನೆಯ ಸವಾಯಿ ರಾಮಸಿಂಹ (ಆಳ್ವಿಕೆ 1835-1880) ಸ್ವತಃ ಕ್ಯಾಮೆರಾ ಹಿಡಿದ ದೊರೆ. ಶಿವಭಕ್ತನ ವೇಷದಲ್ಲಿ ರುದ್ರಾಕ್ಷಿ ಧರಿಸಿ ತನ್ನದೇ ಚಿತ್ರ ತೆಗೆದುಕೊಂಡ. ಅಂತಃಪುರದ ಹೆಂಗಸರನ್ನು ಪಾಶ್ಚಾತ್ಯ ಸ್ಟುಡಿಯೋಗಳಂತೆ ಕುರ್ಚಿ, ರತ್ನಗಂಬಳಿ, ಚಿತ್ರಿಸಿದ ಪರದೆಗಳ ನಡುವೆ ಕೂರಿಸಿದ. ಅವರು ನೇರವಾಗಿ ಕ್ಯಾಮೆರಾದತ್ತ ನೋಡುವ ರೀತಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅವನ ಗಾಜಿನ ನೆಗೆಟಿವ್‌ಗಳು ಜಯಪುರದ ಅರಮನೆ ಸಂಗ್ರಹಾಲಯದಲ್ಲಿವೆ. ತ್ರಿಪುರದ ಬೀರಚಂದ್ರ ಮಾಣಿಕ್ಯನಿಗೂ ಇದೇ ಗೀಳಿತ್ತು.

ಈ ಕ್ಷೇತ್ರದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಏರಿದವರು ಲಾಲಾ ದೀನದಯಾಳ್ (1844-1905). ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡುತ್ತಲೇ ಛಾಯಾಗ್ರಾಹಕರಾಗಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಸೇರಿದರು. ಇಂದೋರ್, ಸಿಕಂದರಾಬಾದ್, ಮುಂಬಯಿಗಳಲ್ಲಿ ಸ್ಟುಡಿಯೋ ತೆರೆದರು. 1892ರಲ್ಲಿ ಹೈದರಾಬಾದಿನ ಪರದೆ ಪದ್ಧತಿಯ ಹೆಂಗಸರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ನಡೆಸಿದರು. ಅದರ ಹೊಣೆ ಹೊತ್ತವಳು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ.

ಕಪ್ಪು ಬಿಳುಪು ಚಿತ್ರ ರಾಜರಿಗೆ ಸಪ್ಪೆಯೆನಿಸಿದಾಗ ಆಸ್ಥಾನದ ಕಲಾವಿದರು ಕುಂಚ ಹಿಡಿದರು. ಫೋಟೋದ ಮೇಲೆಯೇ ಬಣ್ಣ ಬಳಿದು, ಮುಖವನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಮುಚ್ಚಿದರು. ರಾಜಸ್ಥಾನದ ನಾಥದ್ವಾರದಲ್ಲಿ ಭಕ್ತರ ಫೋಟೋದಿಂದ ಮುಖ ಕತ್ತರಿಸಿ, ಅಲ್ಲಿನ ದೇವರು ಶ್ರೀನಾಥಜಿಯ ಸನ್ನಿಧಿಯ ವರ್ಣಚಿತ್ರದಲ್ಲಿ ಅಂಟಿಸಿಕೊಡುತ್ತಿದ್ದರು. ಇಲ್ಲಿ ಅರಸನಲ್ಲದವನೂ ಹಣ ಕೊಟ್ಟು ತನಗೆ ಬೇಕಾದಂತೆ ಕಾಣಬಹುದಿತ್ತು. ಈ ಬದಲಾವಣೆ ಯಾವ ದರ್ಬಾರಿನ ಚಿತ್ರಕ್ಕಿಂತಲೂ ದೊಡ್ಡದು.

ರಾಜಮನೆತನದಲ್ಲಿ ಹುಟ್ಟಿದವರಿಗೆಲ್ಲ ಆ ಸ್ವಾತಂತ್ರ್ಯ ಸಿಕ್ಕಿತೆನ್ನಲಾಗದು. ಪದಚ್ಯುತನಾದ ಕೊಡಗಿನ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಎಳೆಯ ವಯಸ್ಸಿನಲ್ಲೇ ಇಂಗ್ಲೆಂಡ್ ಸೇರಿ 1852ರಲ್ಲಿ ಕ್ರೈಸ್ತ ದೀಕ್ಷೆ ಪಡೆದಳು. ರಾಣಿ ವಿಕ್ಟೋರಿಯಾ ಅವಳ ಧರ್ಮಮಾತೆಯಾದಳು, ತನ್ನ ಹೆಸರನ್ನೂ ಕೊಟ್ಟಳು. ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ಆಕೆಯ ಫೋಟೋಗಳಲ್ಲಿ ಕಾಣುವುದು ಸಾಮ್ರಾಜ್ಯ ತನ್ನ ಉದಾರತೆಗೆ ಸಾಕ್ಷಿಯಾಗಿ ತೋರಿಸಿಕೊಂಡ ಹುಡುಗಿ. 1864ರಲ್ಲಿ ಅವಳು ತೀರಿಕೊಂಡಾಗ ವಯಸ್ಸು ಇಪ್ಪತ್ಮೂರನ್ನೂ ದಾಟಿರಲಿಲ್ಲ.

ಈ ಇಡೀ ಪರಂಪರೆಗೆ ಮರುಮಾತು ಬಂದದ್ದು ಬೆಂಗಳೂರಿನಿಂದ. ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ದಿಂದ 2004ರವರೆಗೆ ದಕ್ಷಿಣ ಭಾರತದ ‘ದೇಶೀ ಹೆಂಗಸರ’ ಚಿತ್ರಸರಣಿ ರೂಪಿಸಿದರು. ರವಿವರ್ಮನ ಲಕ್ಷ್ಮಿಯಾಗಿ, ಚೌಕುಳಿ ಪರದೆಯ ಮುಂದಿನ ತೋಡ ಬುಡಕಟ್ಟಿನ ಹೆಣ್ಣಾಗಿ ಪುಷ್ಪಮಾಲಾ ತಾವೇ ವೇಷ ಕಟ್ಟಿ ನಿಂತರು. ಅಳತೆಯ ಪರದೆ ಅದೇ. ಅದರ ಮುಂದೆ ನಿಂತವಳು ಯಾರು, ಅವಳನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂಬೆರಡು ಪ್ರಶ್ನೆಗೂ ಈ ಸಲ ಉತ್ತರ ಪುಷ್ಪಮಾಲಾ.