ಶಿಸ್ತು, ಧಾರಣೆ ಮತ್ತು ಸುಭಿಕ್ಷ

ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡಿತೆ, ಗಿಳಿ, ನೆರೆಯ ಅರಸರು ಎಂದು ಈತಿಬಾಧೆಗಳು ಆರೆಂಬುದು ಪ್ರಸಿದ್ಧವಾಗಿದೆ. ಇವೆಲ್ಲವೂ ಬಹುಮಟ್ಟಿಗೆ ಪೈರು ಕಣಕ್ಕೆ ಬರುವ ಮುಂಚೆಯೇ ಒದಗತಕ್ಕವು. ಕಣದಲ್ಲಿ ರಾಶಿ ತುಂಬಿದ ಮೇಲೆ, ಆ ತುಂಬಿದುದರಿಂದಲೇ ಧಾರಣೆ ಇಳಿದು ಬೇಸಾಯಗಾರನು ಕೆಡುವ ಬಾಧೆಯೊಂದುಂಟು; ಅದು ಈ ಎಣಿಕೆಯಲ್ಲಿ ಸೇರಿಲ್ಲ. ಕಾವ್ಯಗಳ ನಾಡವರ್ಣನೆಯಲ್ಲಿಯೂ ಶಾಸನಗಳ ಪ್ರಶಸ್ತಿಗಳಲ್ಲಿಯೂ ಧಾನ್ಯಸಮೃದ್ಧಿಯೆಂದರೆ ಸರ್ವಜನರ ಸುಖವೆಂದೇ ತಾತ್ಪರ್ಯ. ಇವನ್ನು ಪಾಠ ಹೇಳುವವರೂ ಹಾಗೆಯೇ ವ್ಯಾಖ್ಯಾನಿಸುವುದು ವಾಡಿಕೆ. ‘ಅಗ್ಗ’ವೆಂಬ ಮಾತನ್ನೇ ನೋಡಬಹುದು. ಅದು ‘ಅರ್ಘ’ ಶಬ್ದದ ತದ್ಭವ. ಅರ್ಘವೆಂದರೆ ಬೆಲೆಯೆಂದಷ್ಟೇ ಅರ್ಥ. ಕನ್ನಡದಲ್ಲಿ ಅದು ಕಡಮೆ ಬೆಲೆಯೆಂಬಲ್ಲಿಗೆ ಬಂದು ನಿಂತಿತು, ಅದೂ ಒಳ್ಳೆಯ ಮಾತಾಗಿ. ಮಾರುವವನಿಗಿಂತ ಕೊಳ್ಳುವವನ ಬಾಯಲ್ಲಿ ಹೆಚ್ಚು ಸವೆದ ಮಾತೆಂದು ತೋರುತ್ತದೆ.

ಬೆಳೆಯನ್ನೂ ಬೆಲೆಯನ್ನೂ ಜೊತೆಯಾಗಿ ಎಣಿಸಿದ ಅರಸರು ನಮ್ಮ ದೇಶದಲ್ಲಿ ಇಲ್ಲದೆ ಇರಲಿಲ್ಲ. 1645ರಿಂದ 1660ರ ವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಇದಕ್ಕೆ ಉತ್ತಮ ನಿದರ್ಶನ. ಊರೂರಿನಲ್ಲಿಯೂ ಒಂದೊಂದು ಬಗೆಯ ನೆಲದಲ್ಲಿ ಒಂದು ಹೊಲವನ್ನು ಆತನು ತನ್ನ ಕಡೆಯಿಂದಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಹುಟ್ಟುವಳಿ, ಅದರ ಬೆಲೆ ಇವೆಲ್ಲಕ್ಕೂ ಲೆಕ್ಕವಿಡಿಸಿದನೆಂದು ಹೇಳಿಕೆಯುಂಟು. ಹಾಗೆ ದೊರೆತ ಸರಾಸರಿಯಲ್ಲಿ ಮೂರನೆಯ ಒಂದು ಪಾಲನ್ನು ಅರಮನೆಯ ಭಾಗವೆಂದು ನಿಶ್ಚಯಿಸಿ, ಅದನ್ನು ನಾಣ್ಯದಲ್ಲಿ ಗೊತ್ತುಮಾಡಿದನು. ನಾಣ್ಯದ ಸ್ಥಿರ ತೆರಿಗೆ ಆತನು ಹೊಸದಾಗಿ ಕಂಡುಹಿಡಿದುದಲ್ಲ. ಹೊಯ್ಸಳರ ಶಾಸನಗಳಲ್ಲಿ ಗದ್ಯಾಣಗಳಲ್ಲಿ ಹೇಳಿರುವ ‘ಸಿದ್ಧಾಯ’ವೂ ಅದೇ ಜಾತಿಯದು. ಹನ್ನೆರಡು ವರ್ಷದ ಫಸಲನ್ನೂ ಧಾರಣೆಯನ್ನೂ ಅಳೆದು ಅದಕ್ಕೆ ಆಧಾರವನ್ನು ಕೊಟ್ಟದ್ದೇ ಆತನ ವಿಶೇಷ.

ಆದರೆ ಅಳತೆ ನಿಂತುಹೋಗಿ ಅಂಕಿ ಉಳಿಯಿತು. ಮುಂದೆ ಬಂದ ಸರ್ಕಾರಗಳು ಶಿಸ್ತಿನ ಮೇಲೆ ‘ಪಟ್ಟಿ’ಗಳೆಂಬ ಹೆಚ್ಚಿನ ತೆರಿಗೆಗಳನ್ನು ಹೇರಿದುವು. ಇದರ ಪರಿಣಾಮವು ದೃಷ್ಟಾಂತದಿಂದ ಸ್ಪಷ್ಟವಾದೀತು. ಒಂದು ಗದ್ದೆಯ ಹುಟ್ಟುವಳಿ ಮೂವತ್ತು ಖಂಡುಗ, ಖಂಡುಗಕ್ಕೆ ಧಾರಣೆ ಒಂದು ಹಣ, ಕಂದಾಯ ಹತ್ತು ಹಣವೆಂದಿಟ್ಟುಕೊಂಡರೆ, ರೈತನು ಹತ್ತು ಖಂಡುಗವನ್ನು ಮಾರಿ ಇಪ್ಪತ್ತನ್ನು ಉಳಿಸಿಕೊಳ್ಳುತ್ತಾನೆ. ಬೆಳೆ ಅರ್ಧವಾಗಿ ಧಾರಣೆ ಎರಡರಷ್ಟಾದರೆ ಐದು ಖಂಡುಗದಲ್ಲಿಯೇ ಕಂದಾಯ ತೀರಿ ಹತ್ತು ಉಳಿಯುತ್ತದೆ. ಬೆಳೆ ಪೂರ್ತಿಯಾಗಿ ಬಂದು ಧಾರಣೆ ಅರ್ಧಕ್ಕೆ ಇಳಿದರೆ ಇಪ್ಪತ್ತು ಖಂಡುಗವನ್ನು ಮಾರಬೇಕಾಗಿ ಆಗಲೂ ಹತ್ತೇ ಉಳಿಯುತ್ತದೆ. ಅಂದರೆ ಅಗ್ಗದ ವರ್ಷದ ತುಂಬು ಫಸಲೂ ತುಟ್ಟಿಯ ವರ್ಷದ ಅರೆ ಫಸಲೂ ಅವನ ಮನೆಗೆ ಒಂದೇ. ಫಸಲನ್ನು ಕಣದಲ್ಲಿಯೇ ಹಂಚುವ ವಾರದ ಪದ್ಧತಿಯಲ್ಲಿ ಈ ಅಪಾಯವಿರಲಿಲ್ಲ. ಅಲ್ಲಿನ ತೊಡಕುಗಳು ಬೇರೆ.

ಹತ್ತೊಂಬತ್ತನೆಯ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ದಕ್ಷಿಣದೇಶದಲ್ಲೆಲ್ಲ ಧಾನ್ಯದ ಧಾರಣೆ ಇಳಿಯಿತು. ಮೈಸೂರು ಸಂಸ್ಥಾನವಾದರೋ 1799ರ ಕೌಲಿನಂತೆ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪೆನಿಗೆ ನಾಣ್ಯದಲ್ಲಿಯೇ ಸಲ್ಲಿಸಬೇಕಾಗಿದ್ದಿತು. ಇಷ್ಟು ಹಣವನ್ನು ತಂದೇ ತರುವೆವೆಂದು ಅಮಲ್ದಾರರಿಂದ ಕರಾರು ಬರೆಸಿಕೊಳ್ಳುವ ‘ಶರತ್ತಿ’ನ ಪದ್ಧತಿ ಬಳಕೆಗೆ ಬಂದಿತು. ಅಮಲ್ದಾರನ ಕರಾರು ಧಾರಣೆಯನ್ನು ನೋಡಿ ಬಗ್ಗತಕ್ಕದ್ದಲ್ಲ. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿ ಕಂದಾಯವನ್ನು ಕೊಡಲೊಪ್ಪದೆ ದಂಗೆಯೆದ್ದರು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವೇ ತಪ್ಪಿಹೋಯಿತು. ಈ ದಂಗೆಗೆ ಅಧಿಕಾರಿಗಳ ಸುಲಿಗೆ, ಸ್ಥಳೀಯರ ಪಕ್ಷಪ್ರತಿಪಕ್ಷಗಳು ಮೊದಲಾದ ಕಾರಣಗಳನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿರುತ್ತಾರೆ. ಧಾರಣೆಯ ಇಳಿತಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಶಿಸ್ತು ಹುಟ್ಟಿದ ಸೀಮೆಯಲ್ಲಿಯೇ ಕೂಟ ಹುಟ್ಟಿದುದು ಕೇವಲ ಕಾಕತಾಳೀಯವಾಗಿರಲಾರದು. ಬರವು ಬಂದರೆ ಜನರು ಸಾಯುತ್ತಾರೆ, ಗುಳೆ ಹೋಗುತ್ತಾರೆ. ದಂಗೆಯೇಳುವುದಕ್ಕೆ ಕಣದಲ್ಲಿ ಇನ್ನೂ ರಾಶಿ ಕಾಣುತ್ತಿರಬೇಕು.

ಕಬ್ಬನ್ನನ ಕಾಲದಲ್ಲಿ ರಸ್ತೆಗಳಾದುವು, ವಾರದ ಗದ್ದೆಗಳೂ ಕ್ರಮೇಣ ಕಂದಾಯಕ್ಕೆ ಬಂದುವು. 1863ರಿಂದ ಪೈಮಾಯಿಷಿ ನಡೆಯಿತು. 1864ರಲ್ಲಿ ಬೆಂಗಳೂರಿಗೆ ರೈಲು ಬಂದಿತು. ಬೆಲೆಯೂ ಏರುತ್ತ ಬಂದುದರಿಂದ ರೈತನು ಸುಧಾರಿಸಿಕೊಂಡನು.

ಅನಂತರ ಬಂದುದು 1876ರಿಂದ 1878ರ ವರೆಗಿನ ಮಹಾಕ್ಷಾಮ. ಮೇಲಿನ ಲೆಕ್ಕದಂತೆ ತುಟ್ಟಿಯ ಕಾಲದಲ್ಲಿ ಮಾರುವವನಿಗೆ ಲಾಭವಾಗಬೇಕು. ಮಾರುವುದಕ್ಕೆ ಏನೂ ಬೆಳೆಯದಿದ್ದಾಗ ಬೆಳೆಯುವವನೂ ಕೊಳ್ಳುವವನೇ ಆಗುತ್ತಾನೆ. ಮದರಾಸಿನ ಕಡೆಯಿಂದ ರೈಲಿನಲ್ಲಿ ಬಂದ ಧಾನ್ಯವು ಬೆಂಗಳೂರಿನಲ್ಲಿ ಇಳಿಯುತ್ತಿದ್ದಿತು. ಅಲ್ಲಿಂದ ಮುಂದಕ್ಕೆ ಗಾಡಿಯೇ ಗತಿ, ಎತ್ತುಗಳಾದರೋ ಮೇವಿಲ್ಲದೆ ಸಾಯುತ್ತಿದ್ದುವು. ವರ್ತಕರ ವ್ಯಾಪಾರದಲ್ಲಿ ಸರ್ಕಾರವು ಕೈಹಾಕಬಾರದೆಂಬುದು ಲಾರ್ಡ್ ಲಿಟ್ಟನ್ನನ ನೀತಿ. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಅದೇ ವರ್ಷ ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ಕ್ಷಾಮಕ್ಕಾಗಿ ಮಾಡಿದ 80 ಲಕ್ಷ ರೂಪಾಯಿಗಳ ಸಾಲವೂ ಜೊತೆಯಲ್ಲಿ ಬಂದಿತು.

ರಾಗಿಯನ್ನು ಹಗೇವುಗಳಲ್ಲಿ ತುಂಬಿ ಹಲವು ವರ್ಷ ಕೆಡದಂತೆ ಇಡುವ ಕ್ರಮ ಈ ನಾಡಿನಲ್ಲಿ ಪುರಾತನವಾದುದು. ಅಗ್ಗದಲ್ಲಿ ಮಾರದೆ ತುಟ್ಟಿಯಲ್ಲಿ ಉಣ್ಣುವುದಕ್ಕೆ ಅದೇ ಉಪಾಯವಾಗಿದ್ದಿತು. ಕಂದಾಯದ ಕಂತಿಗಾಗಿ ಕಣದಲ್ಲಿಯೇ ಮಾರುವವನ ಹಗೇವು ತುಂಬುವ ಬಗೆ ಹೇಗೆ? ರಾಜನ ಕೋಷ್ಠಾಗಾರದ ಅರ್ಧವನ್ನು ಜನಪದದ ಆಪತ್ತಿಗೆಂದು ತೆಗೆದಿರಿಸಿ, ಹಳೆಯದನ್ನು ಹೊಸದರಿಂದ ತುಂಬುತ್ತಿರಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಆ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿಯೇ ಪರಿಷ್ಕರಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆ ವೇಳೆಗೆ ಮಹಾಕ್ಷಾಮ ಕಳೆದು ಮೂವತ್ತು ವರ್ಷಗಳಾಗಿದ್ದುವು.